ನಾಳೆಗೇನು ಅಡುಗೆ?

ರಾತ್ರಿಯ ಊಟ ಮುಗಿದು, ಪಾತ್ರೆಗಳೆಲ್ಲ ತೊಳೆಯುವ ಜಾಗವನ್ನು ಸೇರಿ, ಮನೆಯ ದೀಪಗಳು ಒಂದೊಂದಾಗಿ ಆರುವ ಹೊತ್ತಿಗೆ, ಅಡುಗೆಮನೆಯ ಬಾಗಿಲೆಳೆಯುತ್ತಿರುವ ಗೃಹಿಣಿಯ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: “ನಾಳೆಗೇನು ಅಡುಗೆ?” ಈ ಪ್ರಶ್ನೆಗೆ ಭಾನುವಾರವಿಲ್ಲ, ಹಬ್ಬದ ರಜೆಯಿಲ್ಲ. ಮನೆಯವರನ್ನು ಕೇಳಿದರೆ “ಏನಾದರೂ ಮಾಡು” ಎಂದು ಹೇಳಿ ಪತ್ರಿಕೆಯೊಳಗೆ ಮುಖ ಮರೆಸಿಕೊಳ್ಳುತ್ತಾರೆ. ಮಾಡಿ ಬಡಿಸಿದ ಮೇಲೆ “ಇವತ್ತೂ ಇದೇನೆಯೆ?” ಎಂದು ತಲೆಯೆತ್ತುತ್ತಾರೆ.

ಈ ಹಳೆಯ ಪ್ರಶ್ನೆಗೆ ಉತ್ತರ ಹೇಳುವೆನೆಂದು ಹೊಸದೊಂದು ಸಾಧನವು ಈಗ ನಮ್ಮ ಅಡುಗೆಮನೆಗಳನ್ನು ಪ್ರವೇಶಿಸಿದೆ. ಕೃತಕ ಬುದ್ಧಿಮತ್ತೆಯ ಬಲದಿಂದ ನಡೆಯುವ ಆಹಾರ ಯೋಜನೆಯ ಆ್ಯಪ್ ಅದು. ಮನೆಯಲ್ಲಿರುವವರ ವಯಸ್ಸು, ತೂಕ, ಕಾಯಿಲೆ, ಇಷ್ಟಾನಿಷ್ಟಗಳು, ಡಬ್ಬಿಯಲ್ಲಿ ಉಳಿದಿರುವ ಬೇಳೆ, ಇವಿಷ್ಟನ್ನೂ ಕೈಯಲ್ಲಿರುವ ಫೋನಿಗೆ ತಿಳಿಸಿದರೆ ಸಾಕು, ವಾರದ ಏಳು ದಿನಗಳ ಅಡುಗೆಯನ್ನು ಅದು ಬರೆದುಕೊಡುತ್ತದೆ. ಒಬ್ಬೊಬ್ಬರಿಗೂ ಅವರವರ ದೇಹಕ್ಕೆ ತಕ್ಕ ತಟ್ಟೆಯನ್ನು ಗೊತ್ತುಮಾಡುತ್ತದೆ ಎಂಬುದು ಅದನ್ನು ಮಾಡಿದವರ ಭರವಸೆ.

ಇದು ಕೇವಲ ವಿನೋದದ ವಿಷಯವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ, ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿ 10 ಲಕ್ಷ ಮಂದಿ. ಆ ಕಾಯಿಲೆಯ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿ 60 ಲಕ್ಷ. ಪಥ್ಯವೆಂಬುದು ಈಗ ಅಪರೂಪದ ಮಾತಾಗಿ ಉಳಿದಿಲ್ಲ. ಎಷ್ಟೋ ಮನೆಗಳಲ್ಲಿ ಒಬ್ಬರಿಗೆ ಅಮೃತವಾದದ್ದು ಮತ್ತೊಬ್ಬರಿಗೆ ವಿಷ. ಇಂತಹ ಮನೆಯ ತಟ್ಟೆಯನ್ನು ಯಂತ್ರದ ಕೈಗೆ ಒಪ್ಪಿಸುವ ಮುನ್ನ, ಆ ಯಂತ್ರವನ್ನು ಹೇಗೆ ಕಟ್ಟುತ್ತಾರೆ, ಅದಕ್ಕೆ ಏನು ತಿಳಿದಿರಬೇಕು, ಏನು ತಿಳಿಯದೆ ಹೋದರೆ ಅಪಾಯ ಎಂಬುದನ್ನು ಬಳಸುವವರೂ ಸ್ವಲ್ಪ ಅರಿತಿರುವುದು ಒಳ್ಳೆಯದು. ಅದಕ್ಕಾಗಿ ಮೊದಲು ಎಂಬತ್ತು ವರ್ಷಗಳಷ್ಟು ಹಿಂದಕ್ಕೆ, ಅಮೆರಿಕಕ್ಕೆ ಹೋಗಿಬರಬೇಕು.

ಎಪ್ಪತ್ತೇಳು ಪದಾರ್ಥಗಳ ಲೆಕ್ಕ

ಜಾರ್ಜ್ ಸ್ಟಿಗ್ಲರ್ ಎಂಬ ಅರ್ಥಶಾಸ್ತ್ರಜ್ಞರು 1945ರಲ್ಲಿ ಒಂದು ವಿಚಿತ್ರವಾದ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಸಾಧಾರಣವಾಗಿ ದುಡಿಯುವ ಒಬ್ಬ ಗಂಡಸು ಆರೋಗ್ಯದಿಂದ ಬದುಕಬೇಕಾದರೆ, ಅತ್ಯಂತ ಕಡಿಮೆ ಎಂದರೆ ವರ್ಷಕ್ಕೆ ಎಷ್ಟು ಹಣದ ಆಹಾರ ಬೇಕು? ಅವರ ಮುಂದೆ 77 ಪದಾರ್ಥಗಳಿದ್ದವು. ಶಕ್ತಿ, ಸಸಾರಜನಕ, ಸುಣ್ಣ, ಕಬ್ಬಿಣ, ಜೀವಸತ್ವಗಳು ಸೇರಿ 9 ಪೋಷಕಾಂಶಗಳ ಅಗತ್ಯವಿತ್ತು. ಲೆಕ್ಕ ಹಾಕಿ ಅವರು ಕೊಟ್ಟ ಉತ್ತರ, 1939ರ ಬೆಲೆಯಲ್ಲಿ ವರ್ಷಕ್ಕೆ 39 ಡಾಲರ್ 93 ಸೆಂಟ್. ಅಷ್ಟಕ್ಕೆ ಸಿಕ್ಕುವ ಊಟವೇನು? ಗೋಧಿ ಹಿಟ್ಟು, ಡಬ್ಬಿಯ ಗಟ್ಟಿ ಹಾಲು, ಎಲೆಕೋಸು, ಪಾಲಕ್ ಸೊಪ್ಪು ಮತ್ತು ಒಣಗಿದ ಬಿಳಿಯ ಬೀನ್ಸ್ ಕಾಳು. ವರ್ಷವಿಡೀ ಇವಿಷ್ಟೇ! ಇದನ್ನು ಯಾರಿಗೂ ಶಿಫಾರಸು ಮಾಡುವಂತಿಲ್ಲವೆಂದು ಸ್ಟಿಗ್ಲರ್ ಅವರೇ ಒಪ್ಪಿಕೊಂಡರು. ಮುಂದೆ 1982ರಲ್ಲಿ ಬೇರೆ ಕೆಲಸಗಳಿಗಾಗಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು.

ಇಂತಹ ಲೆಕ್ಕವನ್ನು ನಿಖರವಾಗಿ ಬಿಡಿಸುವ ಕ್ರಮವೊಂದನ್ನು 1947ರಲ್ಲಿ ಜಾರ್ಜ್ ಡಾಂಟ್‌ಜಿಗ್ ಎಂಬ ಗಣಿತಜ್ಞರು ಕಂಡುಹಿಡಿದರು. ಹಲವು ನಿಬಂಧನೆಗಳಿಗೆ ಏಕಕಾಲಕ್ಕೆ ಒಳಪಟ್ಟು, ಅತ್ಯಂತ ಕಡಿಮೆ ಖರ್ಚಿನ ಅಥವಾ ಅತ್ಯಂತ ಹೆಚ್ಚು ಲಾಭದ ದಾರಿಯನ್ನು ಹುಡುಕಿಕೊಡುವ ಕ್ರಮ ಅದು. ಅದನ್ನು ಪರೀಕ್ಷಿಸಲು ಸ್ಟಿಗ್ಲರ್ ಅವರ ಲೆಕ್ಕವನ್ನೇ ಆರಿಸಿಕೊಂಡರು. ಮೇಜಿನ ಮೇಲಿಟ್ಟು ಕೈಯಿಂದ ನಡೆಸುವ ಲೆಕ್ಕದ ಯಂತ್ರಗಳನ್ನು ಹಿಡಿದು ಗುಮಾಸ್ತರು ಕುಳಿತರು. ಒಬ್ಬನೇ ಮಾಡಿದ್ದರೆ 120 ದಿನ ಹಿಡಿಯಬಹುದಾಗಿದ್ದ ದುಡಿಮೆಯ ಬಳಿಕ ಉತ್ತರ ಬಂದಿತು: 39 ಡಾಲರ್ 69 ಸೆಂಟ್. ಸ್ಟಿಗ್ಲರ್ ಅವರ ಅಂದಾಜಿಗೂ ಇದಕ್ಕೂ ಇದ್ದ ವ್ಯತ್ಯಾಸ ಕೇವಲ 24 ಸೆಂಟ್!

ಐನೂರು ಗ್ಯಾಲನ್ ವಿನಿಗರ್

ಕಥೆಯ ಸ್ವಾರಸ್ಯವಿರುವುದು ಮುಂದೆ. ಐವತ್ತರ ದಶಕದ ಆರಂಭದಲ್ಲಿ ಡಾಂಟ್‌ಜಿಗ್ ಅವರಿಗೆ ವೈದ್ಯರು ತೂಕ ಇಳಿಸಲು ಹೇಳಿದರು. ಗಣಿತಜ್ಞರಲ್ಲವೆ? ತಮ್ಮ ಪಥ್ಯವನ್ನು ಗಣಕಯಂತ್ರವೇ ನಿರ್ಧರಿಸಲಿ ಎಂದುಕೊಂಡರು. ಐನೂರಕ್ಕೂ ಹೆಚ್ಚು ಪದಾರ್ಥಗಳ ವಿವರವನ್ನು ಯಂತ್ರಕ್ಕೆ ಒದಗಿಸಿದರು. ದಿನಕ್ಕೆ 1500 ಕ್ಯಾಲರಿ ಮೀರಕೂಡದು, ಪೋಷಕಾಂಶಗಳು ಸಾಲದೆ ಹೋಗಕೂಡದು, ಹೊಟ್ಟೆ ಮಾತ್ರ ಆದಷ್ಟೂ ತುಂಬಿದಂತಿರಬೇಕು ಎಂದು ಆಜ್ಞೆ ಮಾಡಿದರು. ಹೊಟ್ಟೆ ತುಂಬುವುದನ್ನು ಅಳೆಯುವುದು ಹೇಗೆ? ಆಹಾರದ ತೂಕದಿಂದ ಅದರಲ್ಲಿರುವ ನೀರಿನ ತೂಕವನ್ನು ಕಳೆದರೆ ಉಳಿಯುವುದೇ ಹೊಟ್ಟೆ ತುಂಬಿಸುವ ಭಾಗವೆಂದು ಅವರು ಇಟ್ಟುಕೊಂಡರು.

ಯಂತ್ರವು ಲೆಕ್ಕ ಹಾಕಿ ಪಟ್ಟಿ ಕೊಟ್ಟಿತು. ಪಟ್ಟಿಯಲ್ಲಿ ಉಳಿದದ್ದೆಲ್ಲ ಸರಿಯಾಗಿಯೇ ಇದ್ದಿತು; ಜೊತೆಗೆ 500 ಗ್ಯಾಲನ್ ವಿನಿಗರ್ ಕೂಡ ಇದ್ದಿತು! ಯಂತ್ರಕ್ಕೆ ಕೊಟ್ಟ ವಿವರದಲ್ಲಿ ವಿನಿಗರಿನೊಳಗೆ ನೀರು ಸೊನ್ನೆ ಎಂದು ನಮೂದಾಗಿತ್ತು. ನೀರಿಲ್ಲದ, ಕ್ಯಾಲರಿಯಿಲ್ಲದ, ತೂಕ ಮಾತ್ರ ಇರುವ ಪದಾರ್ಥ! ಯಂತ್ರಕ್ಕೆ ಇನ್ನೇನು ಬೇಕು? ಡಾಂಟ್‌ಜಿಗ್ ವಿನಿಗರನ್ನು ತೆಗೆದುಹಾಕಿದರು. ಮರುದಿನ ಬಂದ ಪಟ್ಟಿಯಲ್ಲಿ, ಬಿಸಿನೀರಿನಲ್ಲಿ ಕರಗಿಸಿ ಕುಡಿಯುವ ಮಾಂಸದ ಸಾರಿನ ಒಣ ತುಂಡುಗಳು ದಿನಕ್ಕೆ 200! ಅವುಗಳಲ್ಲಿ ಮೂರು ನಾಲ್ಕನ್ನು ಕದಡಿ ಬಾಯಿಗಿಟ್ಟರೆ ಬರಿಯ ಉಪ್ಪುನೀರು. ಉಪ್ಪಿಗೆ ಇಷ್ಟೇ ಎಂಬ ಮೇಲ್ಮಿತಿಯನ್ನು ಯಂತ್ರಕ್ಕೆ ಯಾರೂ ಹೇಳಿರಲೇ ಇಲ್ಲ. ಅದಕ್ಕೊಂದು ಮಿತಿ ಹಾಕಿದ ಮೇಲೆ ಬಂದದ್ದು ದಿನಕ್ಕೆ 2 ಪೌಂಡ್ ಗೋಧಿ ತೌಡು. ಅದನ್ನು ತಡೆದರೆ ಬಂದದ್ದು ಕಾಕಂಬಿ.

ಓದುಗರು ನಗಬಹುದು. ಆದರೆ ಯಂತ್ರವು ಒಂದು ಸಲವೂ ತಪ್ಪು ಲೆಕ್ಕ ಮಾಡಲಿಲ್ಲ ಎಂಬುದನ್ನು ಗಮನಿಸಬೇಕು. ಹೇಳಿದ್ದನ್ನು ಅಕ್ಷರಶಃ ಪಾಲಿಸಿತು. ಕೊರತೆಯಿದ್ದದ್ದು ಹೇಳದೆ ಬಿಟ್ಟದ್ದರಲ್ಲಿ. ಮನುಷ್ಯರು ವಿನಿಗರನ್ನು ಕೊಡಗಟ್ಟಲೆ ಕುಡಿಯುವುದಿಲ್ಲ ಎಂಬುದನ್ನು ಯಾರೂ ಬರೆದಿಡುವುದಿಲ್ಲ. ಅದು ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿರುವುದರಿಂದಲೇ ಯಾರೂ ಹೇಳದೆ ಉಳಿಯುವ ಸಂಗತಿಗಳೇ ಅಡುಗೆಮನೆಯ ಜ್ಞಾನದ ಬಹುಭಾಗ. ಆಹಾರದ ಆ್ಯಪ್ ಕಟ್ಟುವವರ ನಿಜವಾದ ಕೆಲಸ ಅವುಗಳನ್ನು ಹೆಕ್ಕಿ ತೆಗೆಯುವುದು.

ಶಾನುಭೋಗ, ಶಿಷ್ಯ, ಪುರಾಣಿಕ

ಇಂದಿನ ಆ್ಯಪ್‌ನ ಒಳಗೆ ಏನಿರುತ್ತದೆ? ಕೃತಕ ಬುದ್ಧಿಮತ್ತೆ ಎಂದು ಒಂದೇ ಹೆಸರಿನಿಂದ ಕರೆದರೂ, ಚೆನ್ನಾಗಿ ಕಟ್ಟಿದ ಆ್ಯಪ್‌ನಲ್ಲಿ ಮೂರು ಬಗೆಯ ಕೆಲಸಗಾರರಿರುತ್ತಾರೆ ಎನ್ನಬಹುದು.

ಮೊದಲನೆಯವನು ಶಾನುಭೋಗ. ಡಾಂಟ್‌ಜಿಗ್ ಅವರ ಗಣಿತವನ್ನೇ ಹಿಡಿದು, ಮಿತಿಗಳನ್ನು ಮೀರದಂತೆ ಲೆಕ್ಕ ಹೊಂದಿಸುವುದು ಇವನ ಕೆಲಸ. ಅಂದು 120 ದಿನ ಹಿಡಿಯಬಹುದಾಗಿದ್ದುದು ಇಂದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಯುತ್ತದೆ.

ಎರಡನೆಯವನು ಶಿಷ್ಯ. ಇವನು ನೋಡಿ ಕಲಿಯುತ್ತಾನೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಈ ಶಿಷ್ಯನ ಸಾಮರ್ಥ್ಯವನ್ನು ಲೋಕಕ್ಕೆ ತೋರಿಸಿತು. ಅವರು 800 ಮಂದಿಯ ರಕ್ತದ ಸಕ್ಕರೆಯನ್ನು ಒಂದು ವಾರ ಎಡೆಬಿಡದೆ ಅಳೆದರು. 46,898 ಊಟ ಉಪಾಹಾರಗಳ ವಿವರ ದೊರೆಯಿತು. ಒಂದೇ ತಿನಿಸನ್ನು ತಿಂದರೂ ಒಬ್ಬರ ರಕ್ತದಲ್ಲಿ ಸಕ್ಕರೆ ಏರಿದಂತೆ ಇನ್ನೊಬ್ಬರಲ್ಲಿ ಏರುತ್ತಿರಲಿಲ್ಲ. ದೇಹದ ಅಳತೆಗಳನ್ನೂ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳ ವಿವರವನ್ನೂ ಕಲಿತ ಗಣಕಯಂತ್ರವು, ಯಾರಿಗೆ ಯಾವ ಊಟದಿಂದ ಸಕ್ಕರೆ ಎಷ್ಟು ಏರಬಹುದೆಂದು ಮುಂದಾಗಿ ಹೇಳಲು ಶಕ್ತವಾಯಿತು. ಒಬ್ಬರಿಗೆ ಹಿಡಿದ ಪಥ್ಯ ಮತ್ತೊಬ್ಬರಿಗೆ ಹಿಡಿಯಬೇಕಾಗಿಲ್ಲ ಎಂಬ ನಮ್ಮ ಹಿರಿಯರ ಅನುಭವಕ್ಕೆ ಇದು ಅಂಕಿಗಳ ಆಧಾರ ಕೊಟ್ಟಂತಾಯಿತು.

ಮೂರನೆಯವನು ಪುರಾಣಿಕ. ಅಪಾರವಾದ ಬರಹಗಳನ್ನು ಓದಿ, ಮನುಷ್ಯರಂತೆಯೇ ಸೊಗಸಾಗಿ ಮಾತನಾಡಬಲ್ಲ ಯಂತ್ರ. “ಮನೆಯಲ್ಲಿ ಹೀರೆಕಾಯಿ ಇದೆ, ತೆಂಗಿನಕಾಯಿ ಇಲ್ಲ, ಅರ್ಧ ಗಂಟೆಯಲ್ಲಿ ಏನು ಮಾಡಲಿ?” ಎಂದು ಕನ್ನಡದಲ್ಲಿ ಕೇಳಿದರೂ ಉತ್ತರಿಸುತ್ತಾನೆ. ಆ್ಯಪ್‌ಗೆ ಜೀವಕಳೆ ಬಂದಿರುವುದು ಇವನಿಂದ. ಅಪಾಯವಿರುವುದೂ ಇವನಲ್ಲಿಯೇ. ಏಕೆಂದರೆ ಪುರಾಣಿಕನಿಗೆ ಕಥೆ ನಿಲ್ಲಬಾರದು. ಗೊತ್ತಿಲ್ಲದ ಕಡೆಯಲ್ಲಿ ತನ್ನದನ್ನು ಸೇರಿಸಿ ಅದೇ ಧೈರ್ಯದಿಂದ ಮುಂದುವರಿಸುತ್ತಾನೆ. ಆದುದರಿಂದ ಒಳ್ಳೆಯ ವಿನ್ಯಾಸದ ಮೊದಲ ಸೂತ್ರ ಇದು: ಮಾತು ಪುರಾಣಿಕನದಾಗಿರಲಿ, ಅಂಕಿ ಮಾತ್ರ ತಖ್ತೆಯಿಂದ ಬರಲಿ. ಒಂದು ಬಟ್ಟಲಿನಲ್ಲಿ ಉಪ್ಪೆಷ್ಟು, ಸಕ್ಕರೆಯೆಷ್ಟು ಎಂಬುದನ್ನು ಅವನು ನೆನಪಿನಿಂದ ಹೇಳಕೂಡದು. ಪುಸ್ತಕ ತೆರೆದು ನೋಡಿ ಹೇಳಬೇಕು.

ತಖ್ತೆಯಲ್ಲಿಲ್ಲದ ಬಸ್ಸಾರು

ಆ ಪುಸ್ತಕ ಯಾವುದು? ನಮ್ಮ ದೇಶದ ಅದೃಷ್ಟಕ್ಕೆ ಅದು ಇದೆ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಅವರು ಬೆರಿಬೆರಿ ರೋಗದ ವಿಚಾರಣೆಗಾಗಿ ಸಣ್ಣದೊಂದು ಪ್ರಯೋಗಶಾಲೆಯನ್ನು ತೆರೆದರು. ಅದೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು, ಇಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ಈ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಸಂಯೋಜನೆಯ ತಖ್ತೆಗಳಲ್ಲಿ ದೇಶದ ಬೇರೆ ಬೇರೆ ಭಾಗಗಳಿಂದ ತಂದು ಪರೀಕ್ಷಿಸಿದ 528 ಆಹಾರಗಳ ವಿವರವಿದೆ. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣದ ಅಂಶ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ 8 ಮಿಲಿಗ್ರಾಮೂ ಇಲ್ಲ. ಇದೇ ಸಂಸ್ಥೆಯ ಹಳೆಯ ಪುಸ್ತಕದಲ್ಲಿ ರಾಗಿಯ ಸುಣ್ಣ 344 ಎಂದಿತ್ತು. ಮಣ್ಣು, ತಳಿ, ಪರೀಕ್ಷೆಯ ಕ್ರಮ ಬದಲಾದಂತೆ ಅಂಕಿಯೂ ಬದಲಾಗುತ್ತದೆ. ಇದನ್ನರಿತ ಆ್ಯಪ್ ತನ್ನ ಉತ್ತರವನ್ನು ಬ್ರಹ್ಮಲಿಪಿಯೆಂದು ಮಂಡಿಸದೆ, “ಸುಮಾರು” ಎಂಬ ಮಾತನ್ನು ಸೇರಿಸಿಕೊಳ್ಳುತ್ತದೆ.

ಆದರೆ ಈ ತಖ್ತೆಗಳಲ್ಲಿರುವುದು ಬಹುಮಟ್ಟಿಗೆ ಹಸಿ ಪದಾರ್ಥಗಳು. ನಾವು ಉಣ್ಣುವುದು ತೊಗರಿಬೇಳೆಯನ್ನಲ್ಲ, ಹುಳಿಯನ್ನು. ಹೊಸ ಬದನೆಕಾಯಿಯನ್ನಲ್ಲ, ಎಣ್ಣೆಗಾಯಿಯನ್ನು. ಒಂದೊಂದು ಮನೆಯ ಹುಳಿಯೂ ಒಂದೊಂದು ಬಗೆ. ಅಳತೆಯೂ ಹಾಗೆಯೇ, ಗ್ರಾಂ ಎಂದು ಕೇಳುವ ಆ್ಯಪ್‌ಗೆ ನಮ್ಮ ಹೆಂಗಸರು “ಒಂದು ಪಾವು ಅಕ್ಕಿ, ಒಂದು ಹಿಡಿ ಬೇಳೆ, ಕಣ್ಣಳತೆಯ ಉಪ್ಪು” ಎಂದು ಉತ್ತರಿಸುತ್ತಾರೆ. ಕಟ್ಟುವವರು ಈ ಭಾಷೆಯನ್ನು ಕಲಿಯಬೇಕೇ ಹೊರತು, ಅಡುಗೆ ಮಾಡುವವರು ತಕ್ಕಡಿ ಹಿಡಿದು ಕೂರಬೇಕೆಂದು ನಿರೀಕ್ಷಿಸಬಾರದು. ಒಮ್ಮೆ ಮಾತ್ರ ಮನೆಯ ಪಾವನ್ನೂ ಸೌಟನ್ನೂ ತೂಗಿಸಿ ನೆನಪಿಟ್ಟುಕೊಂಡರೆ ಸಾಕು.

ಬಸ್ಸಾರಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಸೊಪ್ಪು ಮತ್ತು ಕಾಳನ್ನು ಬೇಯಿಸಿ, ನೀರು ಬಸಿದು, ಆ ನೀರಿನಿಂದ ಸಾರನ್ನೂ ಉಳಿದ ಸೊಪ್ಪು ಕಾಳಿನಿಂದ ಪಲ್ಯವನ್ನೂ ಮಾಡುವುದು ನಮ್ಮ ಕಡೆಯ ಕ್ರಮ. ಸೊಪ್ಪಿನಲ್ಲಿರುವ ಪೊಟ್ಯಾಸಿಯಂ ಎಂಬ ಲವಣ ನೀರಿನಲ್ಲಿ ಕರಗುವ ಗುಣದ್ದು. ಬೇಯುವಾಗ ಅದರ ಒಂದು ಭಾಗ ಬಸಿದ ನೀರಿಗೆ ಇಳಿಯುತ್ತದೆ. ಆರೋಗ್ಯವಂತರಿಗೆ ಇದು ಲಾಭ. ಸಾರಿನೊಡನೆ ಸತ್ವವೆಲ್ಲ ಹೊಟ್ಟೆ ಸೇರುತ್ತದೆ. ಆದರೆ ಮೂತ್ರಪಿಂಡದ ತೊಂದರೆಯಿಂದಾಗಿ ವೈದ್ಯರು ಪೊಟ್ಯಾಸಿಯಂ ತಗ್ಗಿಸಲು ಹೇಳಿರುವವರಿಗೆ ಅದೇ ಸಾರು ಹೊರೆ. ಅವರಿಗೆ ಸಾರಿಗಿಂತ ಪಲ್ಯವೇ ವಾಸಿ, ಅದೂ ವೈದ್ಯರು ಹೇಳಿದಷ್ಟೇ. ಸೊಪ್ಪು ಇಷ್ಟು, ಕಾಳು ಇಷ್ಟು ಎಂದು ಕೂಡಿಸಿ ಇಡೀ ಮನೆಗೆ ಸಮನಾಗಿ ಹಂಚುವ ಯಂತ್ರಕ್ಕೆ ಈ ಭೇದ ಕಾಣುವುದಿಲ್ಲ. ಅದಕ್ಕೆ ಪದಾರ್ಥಗಳು ಗೊತ್ತು, ಬಸಿಯುವುದು ಗೊತ್ತಿಲ್ಲ. ಬಸ್ಸಾರು ತಿಳಿಯದವರು ಕಟ್ಟಿದ ಆ್ಯಪ್‌ಗೆ ಇದೇ ಐನೂರು ಗ್ಯಾಲನ್ ವಿನಿಗರ್. ಆದರೆ ಇಲ್ಲಿ ಯಾರಿಗೂ ನಗು ಬರುವುದಿಲ್ಲ, ಏಕೆಂದರೆ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ.

ಒಂದೇ ಒಲೆ, ಆರು ತಟ್ಟೆ

ಈಗ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮಾವನವರಿಗೆ ಸಕ್ಕರೆ ಕಾಯಿಲೆ, ಜೊತೆಗೆ ಮೂತ್ರಪಿಂಡ ಸ್ವಲ್ಪ ದುರ್ಬಲ. ಅತ್ತೆಯವರು ಹೃದಯದ ಕವಾಟದ ಶಸ್ತ್ರಚಿಕಿತ್ಸೆಯ ನಂತರ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ಸೇವಿಸುತ್ತಾರೆ. ಹದಿನಾಲ್ಕರ ಮಗಳಿಗೆ ಕಬ್ಬಿಣದ ಅಂಶ ಬೇಕು. ಆರು ವರ್ಷದ ಮಗನಿಗೆ ಕಡಲೆಕಾಯಿ ಸೋಕಿದರೆ ಮೈಯೆಲ್ಲ ದದ್ದು, ಉಸಿರಾಟಕ್ಕೆ ತೊಂದರೆ. ಮನೆಯ ಯಜಮಾನರು ಹೊಟ್ಟೆ ಕರಗಿಸುವ ಸಂಕಲ್ಪ ಮಾಡಿದ್ದಾರೆ. ಆರನೆಯವರು ಅಡುಗೆ ಮಾಡುವ ಗೃಹಿಣಿ.

ಇವರಿಗೆಲ್ಲ ಬೇರೆ ಬೇರೆ ಆರು ಅಡುಗೆ ಮಾಡೆಂದು ಹೇಳುವ ಆ್ಯಪ್ ಎಷ್ಟೇ ಬುದ್ಧಿವಂತವಾಗಿದ್ದರೂ ಒಂದು ವಾರಕ್ಕಿಂತ ಹೆಚ್ಚು ದಿನ ಆ ಮನೆಯಲ್ಲಿ ಉಳಿಯಲಾರದು. ನಮ್ಮ ಮನೆಗಳಲ್ಲಿ ಒಲೆ ಒಂದೇ. ಆದುದರಿಂದ ವಿನ್ಯಾಸಕಾರರು ತಟ್ಟೆಯಿಂದ ಹೊರಡದೆ ಒಲೆಯಿಂದ ಹೊರಡಬೇಕು. ಒಂದೇ ಪಾತ್ರೆಯ ಅಡುಗೆಯನ್ನು ಯಾವ ಹಂತದಲ್ಲಿ ಕವಲೊಡೆಸಬಹುದು? ಉಪ್ಪು ಹಾಕುವ ಮುನ್ನ ಒಂದು ಬಟ್ಟಲು ತೆಗೆದಿಡುವುದು. ಬೆಲ್ಲ ಬೀಳುವ ಮುನ್ನ ಮಾವನವರ ಪಾಲನ್ನು ಬೇರೆ ಮಾಡುವುದು. ಕಾಯಿ ರುಬ್ಬಿ ಹಾಕುವ ಮುನ್ನ ಯಜಮಾನರದನ್ನು ಎತ್ತಿಡುವುದು. ಬಸ್ಸಾರಿನ ದಿನ ಪಲ್ಯ ಯಾರಿಗೆ, ಸಾರು ಯಾರಿಗೆ ಎಂದು ಹೇಳುವುದು. ಅನುಭವಸ್ಥ ಗೃಹಿಣಿಯರು ಯಾರ ಉಪದೇಶವೂ ಇಲ್ಲದೆ ಮಾಡಿಕೊಂಡು ಬಂದಿರುವುದು ಇದನ್ನೇ.

ಎರಡನೆಯ ಸೂತ್ರವೆಂದರೆ, ಎಲ್ಲ ನಿಯಮಗಳನ್ನೂ ಒಂದೇ ತೂಕದಲ್ಲಿ ಎಣಿಸಬಾರದು. ಮಗನಿಗೆ ಕಡಲೆಕಾಯಿ ಕೂಡದೆಂಬುದು ಲಕ್ಷ್ಮಣರೇಖೆ. ಯಾವ ಕಾರಣಕ್ಕೂ, ಯಾರು ಕೇಳಿದರೂ, ಎಷ್ಟೇ ರುಚಿಯಾಗಿದ್ದರೂ ಅದನ್ನು ದಾಟಕೂಡದು. ಚಟ್ನಿಪುಡಿಯ ರೂಪದಲ್ಲಿ ಬಂದರೂ ಗುರುತಿಸಬೇಕು. ಮಗಳಿಗೆ ಕಬ್ಬಿಣದ ಅಂಶ ಬೇಕೆಂಬುದು ಗುರಿ. ಇಂದು ತಪ್ಪಿದರೆ ನಾಳೆ ತುಂಬಿಕೊಳ್ಳಬಹುದು, ವಾರದ ಲೆಕ್ಕ ಸರಿಯಾದರೆ ಸಾಕು. ಯಜಮಾನರಿಗೆ ಹಾಗಲಕಾಯಿ ಸೇರದೆಂಬುದು ಬರಿಯ ಇಷ್ಟ. ಅದನ್ನು ಗೌರವಿಸಬಹುದು, ಆಗಾಗ ಮೀರಲೂಬಹುದು. ಅತ್ತೆಯವರ ವಿಷಯ ಇನ್ನೂ ಸೂಕ್ಷ್ಮ. ಸೊಪ್ಪಿನಲ್ಲಿರುವ ಕೆ ಜೀವಸತ್ವವು ವಾರ್ಫರಿನ್ನಿನ ಪರಿಣಾಮವನ್ನು ತಗ್ಗಿಸುತ್ತದೆ. ಹಾಗೆಂದು ಸೊಪ್ಪನ್ನೇ ಬಿಡಬೇಕಾಗಿಲ್ಲ. ಆದರೆ ಒಂದು ವಾರ ಸೊಪ್ಪಿನ ಸುಗ್ಗಿ, ಮರುವಾರ ಬರಗಾಲ ಎಂದಾಗಬಾರದು, ಪ್ರಮಾಣ ಸಮನಾಗಿರಬೇಕು. “ತಿನ್ನಬಹುದು”, “ತಿನ್ನಬಾರದು” ಎಂಬ ಎರಡೇ ಮಾತು ಬಲ್ಲ ಯಂತ್ರಕ್ಕೆ ಈ “ಸಮನಾಗಿ” ಎಂಬ ಮೂರನೆಯ ಮಾತನ್ನು ಕಲಿಸಬೇಕು.

ಹೊತ್ತಿನ ಅರಿವೂ ಬೇಕು. ನಾಳೆ ಬೆಳಗ್ಗೆ ಇಡ್ಲಿ ಎಂದು ರಾತ್ರಿ ಹತ್ತು ಗಂಟೆಗೆ ಹೇಳಿ ಪ್ರಯೋಜನವೇನು? ಅಕ್ಕಿ ಉದ್ದು ನೆನೆಯಬೇಕು, ರುಬ್ಬಬೇಕು, ಹಿಟ್ಟು ರಾತ್ರಿಯೆಲ್ಲ ಹುದುಗಬೇಕು. ಆ್ಯಪ್ ನೆನಪಿಸಬೇಕಾದದ್ದು ಊಟದ ವೇಳೆಯನ್ನಲ್ಲ, ನೆನೆಹಾಕುವ ವೇಳೆಯನ್ನು. ಮಿಕ್ಕ ಅನ್ನ ಬೆಳಗ್ಗೆ ಚಿತ್ರಾನ್ನವಾಗುವುದೂ ಅದರ ಯೋಜನೆಯೊಳಗೆ ಬರಬೇಕು.

ಉಪ್ಪಿಗಿಂತ ರುಚಿಯಿಲ್ಲ

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬುದು ನಮ್ಮ ಗಾದೆ. ಆ ಉಪ್ಪಿನ ವಿಷಯದಲ್ಲಿಯೇ ಯಂತ್ರದ ಮಾತನ್ನು ನಂಬಿ ಕೆಟ್ಟವರೊಬ್ಬರ ಕಥೆಯನ್ನು ಅಮೆರಿಕದ ವೈದ್ಯರು 2025ರಲ್ಲಿ ಪ್ರಕಟಿಸಿದರು. ಅರವತ್ತು ವರ್ಷದ ಆ ಗೃಹಸ್ಥರು ಅಡುಗೆ ಉಪ್ಪು ಕೆಟ್ಟದ್ದೆಂದು ಓದಿ, ಅದರಲ್ಲಿರುವ ಕ್ಲೋರೈಡಿಗೆ ಬದಲಾಗಿ ಏನಿದೆಯೆಂದು ಮಾತಾಡುವ ಯಂತ್ರವೊಂದನ್ನು ವಿಚಾರಿಸಿದರಂತೆ. ಆ ವಿಚಾರಣೆಯ ಬಳಿಕ ಸೋಡಿಯಂ ಬ್ರೋಮೈಡನ್ನು ತರಿಸಿಕೊಂಡು ಮೂರು ತಿಂಗಳು ಉಪ್ಪಿನ ಬದಲು ತಿಂದರು. ರಾಸಾಯನಿಕ ಶಾಸ್ತ್ರದಲ್ಲಿ ಒಂದಕ್ಕೆ ಇನ್ನೊಂದು ಬದಲಾಗಬಹುದು. ತಟ್ಟೆಯಲ್ಲಿ ಅದು ವಿಷ. ಇಲ್ಲದ್ದನ್ನು ಕಾಣುವ, ಇಲ್ಲದ್ದನ್ನು ಕೇಳುವ ಭ್ರಮೆಗೆ ಸಿಕ್ಕಿ ಅವರು ಮೂರು ವಾರ ಆಸ್ಪತ್ರೆಯಲ್ಲಿ ಇರಬೇಕಾಯಿತು.

ಇಷ್ಟು ದೂರ ಹೋಗಬೇಕಾಗಿಲ್ಲ. ರಕ್ತದೊತ್ತಡವಿರುವವರಿಗೆಂದು ಅಂಗಡಿಗಳಲ್ಲಿ ಸೋಡಿಯಂ ಕಡಿಮೆಯಿರುವ ಉಪ್ಪು ದೊರೆಯುತ್ತದೆ. ಅದರಲ್ಲಿ ಸೋಡಿಯಂನ ಒಂದು ಪಾಲಿಗೆ ಬದಲಾಗಿ ಇರುವುದು ಅದೇ ಪೊಟ್ಯಾಸಿಯಂ. ಹಲವರಿಗೆ ಅದರಿಂದ ಒಳಿತಾಗಬಹುದು. ನಮ್ಮ ಕಲ್ಪನೆಯ ಮಾವನವರಂತಹವರಿಗೆ ಅದೇ ಉಪ್ಪು ಹೃದಯದ ಬಡಿತವನ್ನೇ ಕೆಡಿಸಬಲ್ಲದು. ರಕ್ತದೊತ್ತಡವನ್ನು ಮಾತ್ರ ಕೇಳಿ, ಮೂತ್ರಪಿಂಡದ ಮಾತೆತ್ತದ ಆ್ಯಪ್ ಆ ಉಪ್ಪನ್ನು ಸಂತೋಷದಿಂದ ಸೂಚಿಸೀತು. ಆದುದರಿಂದ ಮೂರನೆಯ ಸೂತ್ರ: ಉತ್ತರಿಸುವುದಕ್ಕಿಂತ ಮುಂಚೆ ಕೇಳುವುದನ್ನು ಯಂತ್ರ ಕಲಿಯಬೇಕು, ತನ್ನ ಎಲ್ಲೆ ಮುಗಿದಲ್ಲಿ ನಿಂತು, “ಇದನ್ನು ನಿಮ್ಮ ವೈದ್ಯರಲ್ಲಿ ಕೇಳಿ” ಎನ್ನಬೇಕು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತೇವೆ. ಊಟ ಬಲ್ಲದೆ ಮಾತು ಮಾತ್ರ ಬಲ್ಲ ಯಂತ್ರದಿಂದ ರೋಗವೂ ತಪ್ಪದು, ಜಗಳವೂ ತಪ್ಪದು.

ಡಬ್ಬಿ ಹೇಳುವ ಗುಟ್ಟು

ಇನ್ನೊಂದು ವಿಷಯವನ್ನು ಮನೆಯ ಹಿರಿಯರು ಗಮನಿಸಬೇಕು. ಏನು ತಿನ್ನುತ್ತೇವೆಂಬ ಪಟ್ಟಿಯು ನೋಡಲು ನಿರಪಾಯವೆಂದು ತೋರುತ್ತದೆ. ಆದರೆ ಸಕ್ಕರೆ ಏಕಾಏಕಿ ನಿಂತ ಮನೆ, ಕಬ್ಬಿಣದ ಮಾತ್ರೆ ಆರಂಭವಾದ ಮನೆ, ಏಕಾದಶಿಯ ಉಪವಾಸದ ಮನೆ, ಮಾಂಸ ತರುವ ಮನೆ ಇವುಗಳ ಕಾಯಿಲೆ, ಬಸುರಿ ಬಾಣಂತನ, ಮತಾಚಾರ, ಆದಾಯ ಎಲ್ಲವನ್ನೂ ಆ ಪಟ್ಟಿಯಿಂದಲೇ ಊಹಿಸಬಹುದು. ನಮ್ಮ ಸಂಸತ್ತು 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಕಾಯಿದೆಯೊಂದನ್ನು ಅಂಗೀಕರಿಸಿತು; ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವ ವ್ಯವಸ್ಥೆಯಾಗಿದೆ. ಒಪ್ಪಿಗೆಯಿಲ್ಲದೆ ಮಾಹಿತಿಯನ್ನು ಬಳಸುವಂತಿಲ್ಲ, ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು, ಹದಿನೆಂಟು ತುಂಬದವರ ವಿಷಯದಲ್ಲಿ ತಂದೆತಾಯಿಯರ ಸಮ್ಮತಿ ಬೇಕು ಎಂಬುದು ಅದರ ತಿರುಳು. ಕಾಯಿದೆಯಿದ್ದರೂ ಒಂದು ಪ್ರಶ್ನೆಯನ್ನು ನಾವೇ ಕೇಳಿಕೊಳ್ಳುವುದು ಒಳಿತು: ಈ ಅಡುಗೆ ಹೇಳಲು ಇಷ್ಟೆಲ್ಲ ತಿಳಿಯುವ ಅಗತ್ಯ ಇದಕ್ಕಿದೆಯೆ? ಅಗತ್ಯಕ್ಕಿಂತ ಹೆಚ್ಚು ಕೇಳುವ ಅತಿಥಿಯನ್ನು ನಾವು ಅಡುಗೆಮನೆಯವರೆಗೆ ಕರೆದುಕೊಳ್ಳುವುದಿಲ್ಲವಷ್ಟೆ.

ಆರನೆಯ ತಟ್ಟೆ

ನಮ್ಮ ಕಲ್ಪನೆಯ ಮನೆಗೆ ಮತ್ತೊಮ್ಮೆ ಹಿಂದಿರುಗೋಣ. ಐವರ ವಿಷಯ ಹೇಳಿಯಾಯಿತು. ಆರನೆಯವರಿಗೆ ಏನು ಬೇಕೆಂದು ಮೇಲೆ ನಾವೂ ಬರೆಯಲಿಲ್ಲ. ಅದು ಆಕಸ್ಮಿಕವಲ್ಲ. ಆ್ಯಪ್‌ನಲ್ಲಿ ವಿವರಗಳನ್ನು ತುಂಬಲು ಕುಳಿತ ಗೃಹಿಣಿಯೂ ಎಲ್ಲರ ಹೆಸರಿನ ಮುಂದೆ ಬೇಕು ಬೇಡಗಳನ್ನು ಬರೆದು, ತನ್ನ ಹೆಸರು ಬಂದಾಗ “ಏನಾದರೂ ಆಗುತ್ತದೆ” ಎಂದು ಮುಂದೆ ಸರಿಯುವ ಸಂಭವವೇ ಹೆಚ್ಚು. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ಉಂಡು ಏಳುವ ಅಭ್ಯಾಸ ಯಂತ್ರ ಬಂದ ಮಾತ್ರಕ್ಕೆ ಹೋಗುವುದಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿರುವುದು ಕಂಡುಬಂದಿತು. ಇದಕ್ಕೆ ಕಾರಣಗಳು ಹಲವು, ತಟ್ಟೆಯೂ ಅವುಗಳಲ್ಲೊಂದು. ಒಂದು ಆ್ಯಪ್ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಅಡುಗೆ ಮಾಡುವವರ ಹೆಸರಿನ ಮುಂದಿನ ಜಾಗ ಖಾಲಿ ಬಿಟ್ಟಾಗ ಅದು ಸುಮ್ಮನೆ ಮುಂದೆ ಹೋಗುತ್ತದೆಯೋ, ನಿಂತು “ನಿಮಗೇನು?” ಎಂದು ಕೇಳುತ್ತದೆಯೋ ನೋಡಬೇಕು.

ಡಾಂಟ್‌ಜಿಗ್ ಅವರ ಕಥೆಯ ಕೊನೆಯನ್ನು ಹೇಳುವುದು ಉಳಿದಿದೆ. ಕಾಕಂಬಿಯ ಪಟ್ಟಿ ಬಂದ ಮೇಲೆ ಅವರ ಪತ್ನಿ ಆ್ಯನ್ ಅವರು ಸುಮ್ಮನಿರಲಾರದೆ ಕೈಹಾಕಿದರು. ಯಂತ್ರ ಕೊಟ್ಟ ಪಟ್ಟಿಗಳನ್ನೆಲ್ಲ ತಾವು ನೋಡುತ್ತ ಬಂದಿರುವುದಾಗಿಯೂ, ಅವುಗಳಲ್ಲಿ ಬಳಸಿಕೊಳ್ಳಬಹುದಾದ ಕೆಲವು ಒಳ್ಳೆಯ ವಿಚಾರಗಳಿರುವುದಾಗಿಯೂ ಹೇಳಿ, ಇನ್ನು ಮುಂದೆ ನಡೆಯುವುದು ತಮ್ಮ ಪಥ್ಯವೆಂದು ಸಾರಿದರು. ಗಣಿತಜ್ಞರು ವಿಧೇಯರಾಗಿ ಉಂಡರು. ಅವರ ತೂಕ 22 ಪೌಂಡ್ ಇಳಿಯಿತು.

ಆ್ಯನ್ ಅವರು ಯಂತ್ರವನ್ನು ಕಿಟಕಿಯಿಂದಾಚೆಗೆ ಎಸೆಯಲಿಲ್ಲ. ಅದರ ಪಟ್ಟಿಯನ್ನು ಕಣ್ಣುಮುಚ್ಚಿ ಬಡಿಸಲೂ ಇಲ್ಲ. ಲೆಕ್ಕವನ್ನು ಅದರಿಂದ ತೆಗೆದುಕೊಂಡರು, ತೀರ್ಮಾನವನ್ನು ತಮ್ಮಲ್ಲಿ ಇಟ್ಟುಕೊಂಡರು. ಆ್ಯಪ್ ಕಟ್ಟುವವರು “ಇಂದು ಇದು ಬೇಡ” ಎಂಬ ಮಾತಿಗೆ ಅದರಲ್ಲಿ ಮೊದಲ ಸ್ಥಾನ ಕೊಡಲಿ; ಆ ಮಾತನ್ನು ಹೇಳಿದಾಗ ಕಾರಣ ಕೇಳಿ ಪೀಡಿಸದಿರಲಿ. ಬಳಸುವವರು ಆ ಮಾತನ್ನು ಸಂಕೋಚವಿಲ್ಲದೆ ಹೇಳಲಿ. ನಾಳೆಗೇನು ಅಡುಗೆಯೆಂಬ ಪ್ರಶ್ನೆಗೆ ಉತ್ತರ ಹುಡುಕುವ ಭಾರವನ್ನು ಯಂತ್ರವು ಸ್ವಲ್ಪ ಹೊರುವುದಾದರೆ ಹೊರಲಿ. ಆ ಬಿಡುವಿನಲ್ಲಿ ಮನೆಯವರೆಲ್ಲ ಒಟ್ಟಿಗೆ ಕುಳಿತು, ಆರನೆಯ ತಟ್ಟೆಯನ್ನೂ ಜೊತೆಯಲ್ಲಿಯೇ ಹಾಕಿಕೊಂಡು ಉಣ್ಣುವಂತಾದರೆ, ಅದನ್ನು ಕಟ್ಟಿದವರ ಶ್ರಮ ಸಾರ್ಥಕ.